ನನಗೆ ನಾಯಿಯೊಂದೇ ಸಾಕು ಅನ್ನಿಸುತ್ತಿದೆ, ಇದು ತಪ್ಪೇ?

ಪ್ರಶ್ನೆ: ನನಗೆ 36 ವರ್ಷ. ಹಾಸನದ ಕಡೆಯವಳು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಹೆಚ್ಚಿನ ದಿನ ಮನೆಯಿಂದಲೇ. ಮದುವೆಯಾಗಿ ನಾಲ್ಕು ವರ್ಷಕ್ಕೆ ವಿಚ್ಛೇದನವಾಯಿತು, ಅದಾಗಿ ಈಗ ಐದು ವರ್ಷ. ಆ ನಾಲ್ಕು ವರ್ಷವೂ ದಿನ ಬೆಳಗಾದರೆ ಮಾತು ಕೇಳಿಸಿಕೊಂಡಿದ್ದೇನೆ. ಅಡುಗೆ, ಸಂಬಳ, ಮೈಬಣ್ಣ, ಯಾವುದನ್ನೂ ಅವರು ಬಿಟ್ಟಿಲ್ಲ. ಬೇರೆಯಾದ ಮೊದಲ ಮಳೆಗಾಲದಲ್ಲಿ ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಕೆಳಗೆ ನೆನೆದು ನಡುಗುತ್ತಿದ್ದ ನಾಯಿಮರಿಯನ್ನು ಎತ್ತಿಕೊಂಡು ಬಂದೆ. ಹೆಸರು ಬೆಲ್ಲ. ಅಂದಿನಿಂದ ನನ್ನ ಸಂಸಾರ ಅಂದರೆ ಅವನೇ. ಪಟಾಕಿಗೆ ಹೆದರುತ್ತಾನೆ ಅಂತ ದೀಪಾವಳಿಗೆ ಊರಿಗೂ ಹೋಗುವುದಿಲ್ಲ. ಬಿಟ್ಟುಹೋಗಲು ಯಾರೂ ಇಲ್ಲದೆ ಚಿಕ್ಕಪ್ಪನ ಮಗಳ ಮದುವೆ ತಪ್ಪಿಸಿದೆ, ಬೇಸರವೇನೂ ಆಗಲಿಲ್ಲ. ಹೋದ ತಿಂಗಳು ಮೂರು ದಿನ ಜ್ವರದಲ್ಲಿ ಮಲಗಿದ್ದೆ, ಯಾರಿಗೂ ಹೇಳಲಿಲ್ಲ. ಬೆಲ್ಲ ಮಂಚದ ಪಕ್ಕದಿಂದ ಕದಲಲಿಲ್ಲ. ಗಂಡನಾದವರು ಒಮ್ಮೆಯೂ ನನ್ನ ಹಣೆ ಮುಟ್ಟಿ ನೋಡಿದವರಲ್ಲ. ಈಗ ಅಮ್ಮ ತುಮಕೂರಿನ ಕಡೆ ಒಂದು ಸಂಬಂಧ ನೋಡಿದ್ದಾರೆ. ಅವರು ಉಪನ್ಯಾಸಕರು, ಹೆಂಡತಿ ತೀರಿಕೊಂಡಿದ್ದಾರೆ. ಮೊದಲ ಸಲ ಫೋನಿನಲ್ಲಿ ಮಾತಾಡಿದಾಗಲೇ "ನಾಯೀನ ಯಾರಿಗಾದ್ರೂ ಕೊಟ್ಟುಬಿಡಬಹುದಲ್ಲ" ಅಂದರು. ನಾನು ಒಲ್ಲೆ ಅಂದೆ. ಅಮ್ಮ ಅತ್ತುಬಿಟ್ಟರು. "ಜಡಭರತ ಜಿಂಕೆಮರಿ ಹಚ್ಚಿಕೊಂಡು ಕೆಟ್ಟ ಹಾಗೆ ನಾಯಿ ಹಚ್ಚಿಕೊಂಡು ಕೆಡ್ತೀಯ" ಅನ್ನುತ್ತಾರೆ. ನನ್ನನ್ನು ಎಂದೂ ನೋಯಿಸದ ಜೀವದ ಜೊತೆ ಬದುಕುತ್ತೇನೆ ಅನ್ನುವುದು ತಪ್ಪೇ? ಅಥವಾ ನಾನು ಓಡಿಹೋಗುತ್ತಿದ್ದೇನಾ?

ಉತ್ತರ: ತಪ್ಪಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಬರೆಯುವ ಕೆಲವು ಮಾತು ನಿಮಗೆ ಅಮ್ಮನ ಮಾತಿನ ಹಾಗೇ ಕೇಳಿಸಬಹುದು, ಆಗ ಈ ಮೊದಲ ಮಾತನ್ನು ಮರೆಯಬೇಡಿ.

ನಾಯಿಯ ಮೇಲೆ ಇಷ್ಟೊಂದು ಪ್ರೀತಿ ಇಟ್ಟುಕೊಳ್ಳುವುದು ಈಗಿನ ಕಾಲದ, ಪಟ್ಟಣದ ಒಂಟಿ ಹೆಂಗಸರ ಖಾಯಿಲೆ ಎಂದು ನಿಮ್ಮ ಅಮ್ಮ ತಿಳಿದಿದ್ದರೆ ಅವರಿಗೆ ಆತಕೂರಿನ ಕಲ್ಲಿನ ಕಥೆ ಹೇಳಿ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಊರು ಅದು. ಹತ್ತನೇ ಶತಮಾನದಲ್ಲಿ, ಸುಮಾರು 949-50ರ ಹೊತ್ತಿಗೆ, ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರ ಎಂಬ ವೀರನಿಗೆ ಒಡೆಯ ಮೆಚ್ಚಿ "ಏನು ಬೇಕೋ ಬೇಡಿಕೋ" ಅಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ಕಾಡುಹಂದಿಯೊಂದಿಗೆ ಹೋರಾಡಿತು, ನಾಯಿ ಹಂದಿ ಎರಡೂ ಸತ್ತವು. ಮಣಲೇರ ಅದಕ್ಕೊಂದು ಕಲ್ಲು ನಿಲ್ಲಿಸಿದ. ನಾಯಿ ಮತ್ತು ಹಂದಿ ಸೆಣಸುವ ಚಿತ್ರವಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಒಂದು ಭಾನುವಾರ ಹೋಗಿ ನೋಡಿ ಬನ್ನಿ. ಸಾವಿರ ವರ್ಷದ ಹಿಂದೆ ಒಬ್ಬ ಸೈನಿಕ ನಾಯಿಗಾಗಿ ಪಟ್ಟ ಸಂಕಟ ನಮ್ಮ ಭಾಷೆಯಲ್ಲೇ ಆ ಕಲ್ಲಿನ ಮೇಲಿದೆ.

ಬೆಲ್ಲ ಪಕ್ಕದಲ್ಲಿದ್ದಾಗ ನಿಮಗೆ ಸಿಗುವ ನೆಮ್ಮದಿಯೂ ಕಲ್ಪನೆಯಲ್ಲ. ಅಮೆರಿಕದ ಬಫಲೋದಲ್ಲಿ 240 ದಂಪತಿಗಳ ಮೇಲೆ ಒಂದು ಪ್ರಯೋಗ ಮಾಡಿ 2002ರಲ್ಲಿ ಪ್ರಕಟಿಸಿದರು. ಬಾಯಿಲೆಕ್ಕ ಮಾಡಿಸಿದರು, ಮಂಜುಗಡ್ಡೆ ನೀರಿನಲ್ಲಿ ಕೈ ಇಡಿಸಿದರು, ಆಗ ಎದೆಬಡಿತ, ರಕ್ತದೊತ್ತಡ ಎಷ್ಟು ಏರುತ್ತದೆ ಎಂದು ಅಳೆದರು. ಸಾಕುಪ್ರಾಣಿ ಇದ್ದವರಲ್ಲಿ, ಆ ಪ್ರಾಣಿ ಜೊತೆಗಿದ್ದಾಗ ಏರಿಕೆ ಎಲ್ಲಕ್ಕಿಂತ ಕಡಿಮೆ, ಇಳಿಯುವುದೂ ಬೇಗ. ಗಂಡನೋ ಹೆಂಡತಿಯೋ ಪಕ್ಕದಲ್ಲಿದ್ದಾಗ ಅಷ್ಟು ಸಮಾಧಾನ ಕಾಣಲಿಲ್ಲ. ಯಾಕಿರಬಹುದು ಯೋಚಿಸಿ. ತಪ್ಪು ಲೆಕ್ಕ ಹೇಳಿದರೆ ಗಂಡನಿಗೆ ಗೊತ್ತಾಗುತ್ತದೆ. ನಾಯಿಗೆ ಗೊತ್ತಾಗುವುದಿಲ್ಲ. ನಾಲ್ಕು ವರ್ಷ ಸಾರಿನ ಉಪ್ಪಿಗೂ ಅಂಕ ಹಾಕಿಸಿಕೊಂಡ ನಿಮಗೆ, ಅಂಕ ಹಾಕದ ಒಂದು ಜೀವ ಬೇಕಾಗಿತ್ತು. ಬೆಲ್ಲ ಆ ಹೊತ್ತಿಗೆ ಸರಿಯಾಗಿ ಸಿಕ್ಕ. ಅವನು ಸಿಗದಿದ್ದರೆ ಆ ಮೊದಲ ವರ್ಷ ನೀವು ಹೇಗೆ ದಾಟುತ್ತಿದ್ದಿರೋ ನನಗೆ ಗೊತ್ತಿಲ್ಲ. ಅವನಿಗೆ ನಾನೂ ಕೃತಜ್ಞಳು.

ಇದರ ಜೊತೆಗೇ ಇನ್ನೊಂದು ಪ್ರಯೋಗ ಹೇಳಬೇಕು, ಇದು 2006ರದ್ದು. 16 ಮಂದಿ ವಿವಾಹಿತ ಹೆಂಗಸರನ್ನು ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿಸಿ, ಸಣ್ಣ ಕರೆಂಟ್ ಶಾಕ್ ಕೊಡುತ್ತೇವೆಂದು ಹೆದರಿಸಿ, ಮಿದುಳಿನ ಚಟುವಟಿಕೆ ನೋಡಿದರು. ಒಬ್ಬರೇ ಇದ್ದಾಗ ಭಯ ಹೆಚ್ಚು. ಅಪರಿಚಿತರ ಕೈ ಹಿಡಿದಾಗ ಸ್ವಲ್ಪ ಕಡಿಮೆ. ಗಂಡನ ಕೈ ಹಿಡಿದಾಗ ಇನ್ನೂ ಕಡಿಮೆ. ದಾಂಪತ್ಯ ಚೆನ್ನಾಗಿದ್ದವರಲ್ಲಂತೂ ಮಿದುಳು ಎದ್ದುಕಾಣುವಷ್ಟು ಶಾಂತವಾಗಿತ್ತು. ಕೈ ಯಾರದ್ದು, ಆ ಕೈಯ ಜೊತೆ ಬದುಕು ಹೇಗಿದೆ ಎಂಬುದು ಮೈಗೆ ತಿಳಿಯುತ್ತದೆ ಎಂದಾಯಿತು. ನಿಮ್ಮ ಮೈ ನಾಲ್ಕು ವರ್ಷ ಒಂದು ಕೈಯನ್ನು ನೋಡಿ ಕಲಿತ ಪಾಠವನ್ನು ಈಗ ಎಲ್ಲ ಕೈಗಳ ಮೇಲೂ ಹೇರುತ್ತಿದೆ. ಪಾಠ ಸುಳ್ಳಲ್ಲ, ಆದರೆ ಅದು ಒಬ್ಬ ಮನುಷ್ಯನ ಬಗ್ಗೆ ಕಲಿತ ಪಾಠ.

ಈಗ ಜ್ವರದ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಒಂದೆರಡು ಸಾಲು.

ಬೆಲ್ಲ ಮಂಚದ ಪಕ್ಕದಿಂದ ಕದಲಲಿಲ್ಲ ಎಂದು ಬರೆದಿದ್ದೀರಿ. ಆ ಮೂರು ದಿನ ಬೆಳಿಗ್ಗೆ ಅವನನ್ನು ಕೆಳಗೆ ಕರೆದುಕೊಂಡು ಹೋದವರು ಯಾರು? ನೀವೇ ಇರಬೇಕು. ಗೋಡೆ ಹಿಡಿದುಕೊಂಡು, ಚೈನು ಕೈಗೆ ಸುತ್ತಿಕೊಂಡು, ಲಿಫ್ಟಿನಲ್ಲಿ ಕಣ್ಣು ಮುಚ್ಚಿಕೊಂಡು. ಅವನ ಅನ್ನಕ್ಕೆ ಕುಕ್ಕರ್ ಇಟ್ಟವರೂ ನೀವೇ. ನಿಮಗೆ ಗಂಜಿ ಕಾಯಿಸಿದವರು ಯಾರು? ಮಾತ್ರೆ ತಂದುಕೊಟ್ಟವರು ಯಾರು? ಜ್ವರ 103 ದಾಟಿ ಬಾತ್‌ರೂಮಿನಲ್ಲಿ ತಲೆಸುತ್ತಿ ಬಿದ್ದಿದ್ದರೆ ಬೆಲ್ಲ ಏನು ಮಾಡಬಹುದಿತ್ತು? ಬಾಗಿಲ ಹತ್ತಿರ ಹೋಗಿ ಬೊಗಳುತ್ತಿದ್ದ, ಕೆರೆಯುತ್ತಿದ್ದ, ಹಸಿದು ನೀರಿಲ್ಲದೆ ನಿಮ್ಮ ಪಕ್ಕ ಬಂದು ಮಲಗುತ್ತಿದ್ದ. ಅವನಿಂದ ಆಗುವುದು ಅಷ್ಟೇ. ಅದರಲ್ಲಿ ಅವನ ತಪ್ಪೇನೂ ಇಲ್ಲ.

ಇದನ್ನು ಹೆದರಿಸಲು ಬರೆಯುತ್ತಿಲ್ಲ. ನಾಯಿಯೋ ಮನುಷ್ಯರೋ ಎಂದು ನೀವು ತಕ್ಕಡಿ ಹಿಡಿದಾಗ ಅದರಲ್ಲಿ ಇಟ್ಟದ್ದು ನಿಮ್ಮ ನೋವು, ನಿಮ್ಮ ನೆಮ್ಮದಿ, ಎರಡನ್ನೇ. ಬೆಲ್ಲನ ಹಿತವನ್ನು ಇಟ್ಟೇ ಇಲ್ಲ. ಅವನ ಊಟ, ಇಂಜೆಕ್ಷನ್, ಉಣ್ಣೆ ಔಷಧಿ, ಪಟಾಕಿ ರಾತ್ರಿಗಳು, ಎಲ್ಲವೂ ನಿಮ್ಮೊಬ್ಬರ ಆರೋಗ್ಯದ ಮೇಲೆ ನಿಂತಿವೆ. ಜಗತ್ತಿನಲ್ಲಿ ಬೆಲ್ಲನಿಗೆ ಗೊತ್ತಿರುವ ಮನುಷ್ಯರು ಒಬ್ಬರೇ ಒಬ್ಬರು. ನೀವು ಮನುಷ್ಯರನ್ನು ದೂರ ಇಟ್ಟಾಗಲೆಲ್ಲ ಅವನಿಗೂ ಅವರನ್ನು ದೂರ ಇಟ್ಟ ಹಾಗಾಯಿತು.

ನಿಮ್ಮ ಅಮ್ಮ ಹೇಳಿದ ಜಡಭರತನ ಕಥೆಯನ್ನು ನಾನು ಓದುವ ಬಗೆ ಸ್ವಲ್ಪ ಬೇರೆ. ಭರತ ಕಾಡಿಗೆ ಹೋದದ್ದು ರಾಜ್ಯ, ಹೆಂಡತಿ, ಮಕ್ಕಳು ಎಲ್ಲರನ್ನೂ ಬಿಟ್ಟು. ಹಚ್ಚಿಕೊಳ್ಳುವ ಮನಸ್ಸು ಮಾತ್ರ ಅವನ ಜೊತೆ ಹೋಯಿತು. ಅದಕ್ಕೆ ಒರಗಲು ಬೇರೆ ಯಾರೂ ಇಲ್ಲದಿದ್ದಾಗ ಹೊಳೆಯಲ್ಲಿ ತೇಲಿಬಂದ ಒಂದು ಜಿಂಕೆಮರಿಯ ಮೇಲೆ ಪೂರ್ತಿ ಒರಗಿಕೊಂಡಿತು. ಒಂದು ಊರಿನಷ್ಟು ಪ್ರೀತಿಯ ಭಾರವನ್ನು ಒಂದು ಮರಿಯ ಮೇಲೆ ಹಾಕಿದರೆ ಇಬ್ಬರಿಗೂ ಕಷ್ಟ ಎಂದು ಆ ಕಥೆ ಹೇಳುತ್ತಿದೆ ಅನ್ನಿಸುತ್ತದೆ ನನಗೆ.

ಇನ್ನು "ಎಂದೂ ನೋಯಿಸದ ಜೀವ" ಅಂದಿರಿ. ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕು. ಬೆಲ್ಲನಿಗೆ ಈಗ ಸುಮಾರು ಐದು ವರ್ಷ. ಚೆನ್ನಾಗಿ ನೋಡಿಕೊಂಡ ನಮ್ಮ ಬೀದಿತಳಿ ನಾಯಿ ಹನ್ನೆರಡು, ಹದಿಮೂರು, ಹೆಚ್ಚೆಂದರೆ ಹದಿನೈದು ವರ್ಷ ಬದುಕಬಹುದು. ಆಗ ನಿಮಗೆ ನಲವತ್ತೈದರ ಆಸುಪಾಸು. ಆ ದಿನ ಅವನು ಕೊಡುವ ನೋವು ನಿಮ್ಮ ಗಂಡ ಕೊಟ್ಟ ನೋವಿನಂಥದ್ದಲ್ಲ, ಅದರಲ್ಲಿ ಅವಮಾನ ಇರುವುದಿಲ್ಲ. ಆದರೆ ನೋವು ಸಣ್ಣದಲ್ಲ.

ಮೈಸೂರಿನಲ್ಲಿ ನಾನು ಆಪ್ತಸಮಾಲೋಚನೆ ಶುರುಮಾಡಿದ ಹೊಸತರಲ್ಲಿ, ಸುಮಾರು 23 ವರ್ಷದ ಹಿಂದೆ, ನಿವೃತ್ತ ಶಿಕ್ಷಕಿಯೊಬ್ಬರು ಬಂದರು. ಮದುವೆಯಾಗಿರಲಿಲ್ಲ. ಹದಿನಾಲ್ಕು ವರ್ಷ ಸಾಕಿದ ಪೊಮೆರೇನಿಯನ್ ಸತ್ತು ತಿಂಗಳಾಗಿತ್ತು. ಕೈಚೀಲದಿಂದ ಒಂದು ಸ್ಟೀಲ್ ಬಟ್ಟಲು ತೆಗೆದು ಮೇಜಿನ ಮೇಲಿಟ್ಟರು. ಅಂಚಿನಲ್ಲಿ ಹಲ್ಲಿನ ಗುರುತು. "ದಿನಾ ಏಳು ಗಂಟೆಗೆ ಇದನ್ನ ತೊಳೀತೀನಿ, ತೊಳೆದಮೇಲೆ ನೆನಪಾಗುತ್ತೆ" ಅಂದರು. ಅಕ್ಕಪಕ್ಕದವರು ಯಾರೂ ಮಾತಾಡಿಸಲು ಬಂದಿರಲಿಲ್ಲ. ಮನುಷ್ಯರು ಸತ್ತರೆ ಜನ ಬರುತ್ತಾರೆ, ಕಾಫಿ ಮಾಡಿಕೊಡುತ್ತಾರೆ, ಹನ್ನೊಂದನೆಯ ದಿನ, ತಿಥಿ ಎಂದು ಅಳುವುದಕ್ಕೂ ಒಂದು ಕ್ರಮವಿರುತ್ತದೆ. ನಾಯಿ ಸತ್ತರೆ ಸೋಮವಾರ ಕೆಲಸಕ್ಕೆ ಹೋಗಬೇಕು. ಇಂಥ, ಸಮಾಜ ಲೆಕ್ಕಕ್ಕೆ ತೆಗೆದುಕೊಳ್ಳದ ದುಃಖಕ್ಕೆ ಕೆನೆತ್ ಡೋಕಾ ಎಂಬ ವಿದ್ವಾಂಸ 1989ರಲ್ಲೇ ಪ್ರತ್ಯೇಕ ಹೆಸರಿಟ್ಟು ಬರೆದಿದ್ದಾರೆ. ಅದೆಲ್ಲ ಓದಿಕೊಂಡಿದ್ದ ನಾನು ಆವತ್ತು ಅವರಿಗೆ ಏನು ಹೇಳಿದೆ ಗೊತ್ತೇ? "ಇನ್ನೊಂದು ಮರಿ ತಂದುಕೊಳ್ಳಿ." ಅವರು ಬಟ್ಟಲನ್ನು ಚೀಲಕ್ಕೆ ಹಾಕಿಕೊಂಡು ಎದ್ದುಹೋದರು, ಮತ್ತೆ ಬರಲಿಲ್ಲ. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ಅವರಿಗೆ ಬೇಕಿದ್ದದ್ದು ಎದುರಿಗೆ ಕೂತು ಆ ನಾಯಿಯ ಹೆಸರು ಕೇಳುವ ಒಬ್ಬ ಮನುಷ್ಯ. ನಾನು ಹೆಸರನ್ನೂ ಕೇಳಿರಲಿಲ್ಲ. ಬೆಲ್ಲ ಹೋಗುವ ದಿನ ನಿಮ್ಮ ಪಕ್ಕದಲ್ಲಿ ಅವನ ಹೆಸರು ಗೊತ್ತಿರುವ, ಅವನ ಚೇಷ್ಟೆಗಳನ್ನು ನೆನೆದು ನಿಮ್ಮ ಜೊತೆ ಅಳುವ ಇಬ್ಬರಾದರೂ ಇರಬೇಕು ಎಂಬುದು ನನ್ನ ಆಸೆ. ಆ ಇಬ್ಬರನ್ನು ಆವತ್ತು ಹುಡುಕಿದರೆ ಸಿಗುವುದಿಲ್ಲ.

ಸಂಶೋಧನೆಗಳನ್ನು ಇಟ್ಟುಕೊಂಡು ವಾದ ಮಾಡುವವರು ಎರಡೂ ಕಡೆ ಇದ್ದಾರೆ. ಹೃದಯದ ತೊಂದರೆಯಾಗಿ ಆಸ್ಪತ್ರೆ ಸೇರಿದ್ದ 92 ಮಂದಿಯನ್ನು ಗಮನಿಸಿ 1980ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಾಕುಪ್ರಾಣಿ ಇದ್ದ 53 ಜನರಲ್ಲಿ ವರ್ಷದೊಳಗೆ ಸತ್ತವರು 3, ಇಲ್ಲದ 39 ಜನರಲ್ಲಿ 11. "ನಾಯಿ ಸಾಕಿ, ಆಯುಷ್ಯ ಹೆಚ್ಚಿಸಿಕೊಳ್ಳಿ" ಎಂಬ ವಾಟ್ಸಾಪ್ ಸಂದೇಶಗಳಿಗೆ ಇಂಥ ಅಧ್ಯಯನಗಳೇ ಮೂಲ. ಮುಂದೆ ಬಂದ ಅಧ್ಯಯನಗಳು ಒಂದೇ ಮಾತು ಹೇಳಲಿಲ್ಲ, ಕೆಲವದರಲ್ಲಿ ಲಾಭ ಕಂಡಿತು, ಕೆಲವದರಲ್ಲಿ ಕಾಣಲಿಲ್ಲ. ಮನುಷ್ಯ ಸಂಬಂಧಗಳ ಬಗ್ಗೆ ಇರುವ ಆಧಾರ ಇದಕ್ಕಿಂತ ಬಹಳ ಗಟ್ಟಿ. 148 ಅಧ್ಯಯನಗಳ, ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಹಾಕಿ 2010ರಲ್ಲಿ ನೋಡಿದಾಗ, ಜನರ ಒಡನಾಟ ಗಟ್ಟಿಯಾಗಿದ್ದವರು ಬದುಕುಳಿಯುವ ಸಾಧ್ಯತೆ ಶೇ 50ರಷ್ಟು ಹೆಚ್ಚು ಎಂದು ಕಂಡುಬಂತು. ನಮ್ಮ ಮಂಡ್ಯದ ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಸಾರ್ವಜನಿಕ ಆರೋಗ್ಯದ ಹಿರಿಯ ಅಧಿಕಾರಿ, ಆಗಿದ್ದಾಗ, 2023ರಲ್ಲಿ, ಒಂಟಿತನವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆ ಎಂದೇ ಘೋಷಿಸಿ ವರದಿ ಕೊಟ್ಟರು. ಅಮ್ಮನಿಗೆ ಇದನ್ನು ತೋರಿಸಿದರೆ "ನೋಡು, ನಾನು ಹೇಳಲಿಲ್ಲವಾ" ಅನ್ನಬಹುದು. ಆದರೆ ಇವರಾರೂ ಒಡನಾಟ ಎಂದರೆ ಮದುವೆ ಎಂದು ಹೇಳಿಲ್ಲ. ಗೆಳತಿ, ಅಕ್ಕ, ನೆರೆಯವರು, ಜೊತೆ ಕೆಲಸದವರು, ಭಜನೆ ಮಂಡಳಿಯವರು, ಎಲ್ಲರೂ ಆ ಲೆಕ್ಕದಲ್ಲಿದ್ದಾರೆ.

ನಿಮ್ಮ ಮನೆಯಲ್ಲಿ ನಡೆಯುತ್ತಿರುವ ಜಗಳದ ಗಂಟು ಇರುವುದು ಇಲ್ಲಿಯೇ. ಅಮ್ಮನಿಗೆ ಮನುಷ್ಯ ಸಂಬಂಧ ಎಂದರೆ ಗಂಡ. ನಿಮಗೂ ಹಾಗೆಯೇ ಆಗಿಬಿಟ್ಟಿದೆ, ಅದಕ್ಕೇ ಗಂಡ ಬೇಡ ಅನ್ನುವಾಗ ಚಿಕ್ಕಪ್ಪನ ಮಗಳ ಮದುವೆಯೂ ಬೇಡವಾಯಿತು. ಇದ್ದರೆ ಮದುವೆ, ಇಲ್ಲದಿದ್ದರೆ ಬೀಗ ಹಾಕಿದ ಮನೆ, ಈ ಎರಡರ ನಡುವೆ ಎಷ್ಟೊಂದು ಮೆಟ್ಟಿಲುಗಳಿವೆ. ನಂಬಿಕೆಯನ್ನು ಕೈಗಡದ ಹಾಗೆ ಕೊಡಬಹುದು. ಮೊದಲು ನೂರು ರೂಪಾಯಿ, ಅದು ವಾಪಸ್ ಬಂದರೆ ಐನೂರು. ಮೊದಲ ಸಲ ನಿಮ್ಮ ಕೈಯಲ್ಲಿ ಇದ್ದಬದ್ದದ್ದನ್ನೆಲ್ಲ ಒಟ್ಟಿಗೆ ಕೊಡಿಸಿದ್ದರು, ಅದೂ ಒಂದೆರಡು ಭೇಟಿಯಲ್ಲಿ.

ಬೆಲ್ಲನಿಂದಲೇ ಇದನ್ನು ಕಲಿಯಬಹುದು. ಹಂಗೇರಿಯ ಬುಡಾಪೆಸ್ಟ್‌ನಲ್ಲಿ 51 ನಾಯಿಗಳನ್ನು ಅವುಗಳ ಯಜಮಾನರ ಜೊತೆ ಹೊಸ ಕೋಣೆಗೆ ಕರೆತಂದು, ಆಮೇಲೆ ಅಪರಿಚಿತರನ್ನು ಒಳಗೆ ಬಿಟ್ಟು ನೋಡಿದ ಅಧ್ಯಯನವೊಂದು 1998ರಲ್ಲಿ ಬಂತು. ಪುಟ್ಟ ಮಕ್ಕಳು ತಾಯಿಯನ್ನು ಹಚ್ಚಿಕೊಂಡಿರುವ ಬಗೆಯನ್ನು ಅಳೆಯುವ ಪರೀಕ್ಷೆಯದು. ಯಜಮಾನರು ಕೋಣೆಯಲ್ಲಿದ್ದಾಗ ನಾಯಿಗಳು ಹೆಚ್ಚು ಓಡಾಡಿದವು, ಮೂಲೆ ಮೂಲೆ ಮೂಸಿದವು, ಹೆಚ್ಚು ಆಡಿದವು. ನೀವು ಮನೆಗೆ ಪ್ಲಂಬರ್ ಬಂದಾಗ ಬೆಲ್ಲನನ್ನು ಗಮನಿಸಿ. ಮೊದಲು ನಿಮ್ಮ ಕಾಲಿಗೆ ಆನಿಕೊಳ್ಳುತ್ತಾನೆ, ನಿಮ್ಮ ಮುಖ ನೋಡುತ್ತಾನೆ, ಆಮೇಲೆ ಎರಡು ಹೆಜ್ಜೆ ಮುಂದೆ ಹೋಗಿ ಬಂದವರ ಚಪ್ಪಲಿ ಮೂಸುತ್ತಾನೆ. ನೀವಿದ್ದೀರಿ ಎಂಬ ಧೈರ್ಯದಲ್ಲಿ ಅವನು ಹೊಸಬರ ಹತ್ತಿರ ಹೋಗುತ್ತಾನೆ. ಓಡಿಹೋಗುತ್ತಿದ್ದೇನಾ ಎಂದು ಕೇಳಿದ್ದೀರಲ್ಲ, ಉತ್ತರ ಇಲ್ಲಿದೆ. ಮೊದಲ ಎರಡು ವರ್ಷ ನೀವು ಓಡಿಹೋಗಿರಲಿಲ್ಲ, ಗಾಯ ಮಾಯಲು ಕೂತಿದ್ದಿರಿ. ಈಗ ಮಾತ್ರ, ಮದುವೆಮನೆ ತಪ್ಪಿಸಿ ಬೇಸರವೂ ಆಗದಿದ್ದಾಗ, ಜ್ವರವನ್ನು ಅಮ್ಮನಿಗೂ ಹೇಳದಿದ್ದಾಗ, ಬೆಲ್ಲ ನಿಮಗೆ ಧೈರ್ಯ ಕೊಡುವುದರ ಬದಲು ಬಾಗಿಲಿಗೆ ಹಾಕಿದ ಅಗಳಿಯಾಗುತ್ತಿದ್ದಾನೆ ಅನ್ನಿಸುತ್ತದೆ.

ನಾಯಿ ಕೊಡಲಾರದ ಒಂದನ್ನು ಮನುಷ್ಯರು ಕೊಡುತ್ತಾರೆ, ಎದುರುಮಾತು. ಕಳೆದ ವರ್ಷ ನನ್ನ ಗೆಳತಿ ಫೋನ್ ಮಾಡಿ "ನೀನು ನಿನ್ನ ಅತ್ತಿಗೆಯ ಬಗ್ಗೆ ಆಡಿದ್ದು ಸರಿಯಲ್ಲ" ಅಂದಳು. ಎರಡು ದಿನ ಉರಿಯಿತು. ಮೂರನೆಯ ದಿನ ಅವಳೇ ಹುಳಿ ಅವಲಕ್ಕಿ ಡಬ್ಬಿ ಹಿಡಿದು ಬಂದು, "ಮಾತು ಜೋರಾಯ್ತು, ಆದರೆ ವಾಪಸ್ ತಗೊಳಲ್ಲ" ಅಂದಳು. ನನ್ನ ತಪ್ಪು ಕಂಡಿದೆ, ಕಂಡೂ ಅಲ್ಲೇ ಕೂತಿದ್ದಾಳೆ. ಇಂಥ ಒಂದು ಗಳಿಗೆ ನಿಮ್ಮ ದಾಂಪತ್ಯದಲ್ಲಿ ಬರಲೇ ಇಲ್ಲ, ಅಲ್ಲಿ ತಪ್ಪು ಕಂಡರೆ ಶಿಕ್ಷೆ ಮಾತ್ರ ಇತ್ತು. ಬೆಲ್ಲನಿಗೆ ತಪ್ಪು ಕಾಣುವುದೇ ಇಲ್ಲ. ತಪ್ಪು ಕಂಡಮೇಲೂ ಬಿಟ್ಟುಹೋಗದವರ ಜೊತೆ ಇರುವುದು ಹೇಗಿರುತ್ತದೆ ಎಂದು ನಿಮಗಿನ್ನೂ ಗೊತ್ತಾಗಿಲ್ಲ. ನೋವಿನ ಅಪಾಯ ಇರುವುದೂ ಅದೇ ಜಾಗದಲ್ಲಿ, ಒಪ್ಪುತ್ತೇನೆ.

ತುಮಕೂರಿನ ಸಂಬಂಧದ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನಾಯಿ ಬೇಡ ಅನ್ನುವವರೆಲ್ಲ ಕೆಟ್ಟವರಲ್ಲ. ಮನೆಯಲ್ಲಿ ಮಡಿ ಮಾಡುವ ಹಿರಿಯರಿರಬಹುದು, ಉಬ್ಬಸವಿರಬಹುದು, ಚಿಕ್ಕಂದಿನಲ್ಲಿ ನಾಯಿ ಕಚ್ಚಿದ ಭಯವಿರಬಹುದು. ಆದರೆ ಅವರು ಕಾರಣ ಹೇಳಲಿಲ್ಲ, ನಾಯಿಯ ಹೆಸರು ಕೇಳಲಿಲ್ಲ, ನಿಮಗೆ ಅದು ಏನು ಎಂದು ವಿಚಾರಿಸದೆ "ಕೊಟ್ಟುಬಿಡಿ" ಅಂದರು. ನಿಮಗೆ ಪ್ರಿಯವಾದುದರ ಬಗ್ಗೆ ಕುತೂಹಲವೇ ಇಲ್ಲದವರ ಜೊತೆ ನೀವು ಒಮ್ಮೆ ಬದುಕಿ ಬಂದಿದ್ದೀರಿ. ಇನ್ನೊಮ್ಮೆ ಮಾತಾಡುವ ಮನಸ್ಸಿದ್ದರೆ ಯಾಕೆ ಬೇಡ ಎಂದು ಕೇಳಿ ನೋಡಿ. ಕೇಳಿದ ಪ್ರಶ್ನೆಗೆ ಅವರು ಉತ್ತರ ಕೊಡುತ್ತಾರೋ ಸಿಡುಕುತ್ತಾರೋ ಎಂಬುದರಲ್ಲೇ ನಿಮಗೆ ಬೇಕಾದದ್ದು ಗೊತ್ತಾಗುತ್ತದೆ. ಮನಸ್ಸಿಲ್ಲದಿದ್ದರೆ ಬೇಡ ಅನ್ನಿ. ಆದರೆ ಬೆಲ್ಲನಿಗಾಗಿ ಬೇಡ ಅನ್ನಬೇಡಿ, ನನಗೇ ಇನ್ನೂ ಮನಸ್ಸು ಗಟ್ಟಿಯಾಗಿಲ್ಲ ಅನ್ನಿ. ಅವನನ್ನು ಗುರಾಣಿ ಮಾಡಿಕೊಂಡರೆ ಅಮ್ಮನ ಸಿಟ್ಟೆಲ್ಲ ಆ ಮೂಕಜೀವದ ಮೇಲೆ ಬೀಳುತ್ತದೆ. ಜೊತೆಗೆ, ಗಂಡ ನಿಮಗೆ ಏನು ಮಾಡಿದರು ಎಂಬುದು ಅಮ್ಮನಿಗೆ ಪೂರ್ತಿ ಗೊತ್ತಿದೆಯೇ? ಎಷ್ಟೋ ಹೆಣ್ಣುಮಕ್ಕಳು ಅಮ್ಮ ನೊಂದಾರು ಎಂದು ಅರ್ಧ ಮಾತ್ರ ಹೇಳಿರುತ್ತಾರೆ, ಆ ಅರ್ಧ ಕೇಳಿದ ತಾಯಿ ಮತ್ತೆ ವರ ಹುಡುಕುತ್ತಾರೆ. ಪೂರ್ತಿ ಹೇಳಿ.

ಸಂಜೆ ವಾಕಿಂಗಿಗೆ ದಿನವೂ ಒಂದೇ ಹೊತ್ತಿಗೆ, ಒಂದೇ ಪಾರ್ಕಿಗೆ ಹೋಗಿ, ಕಿವಿಗೆ ಇಯರ್‌ಫೋನ್ ಹಾಕದೆ. ನಾಯಿ ಜೊತೆಗಿದ್ದರೆ ಅಪರಿಚಿತರು ತಾವಾಗಿ ಬಂದು ಮಾತಾಡಿಸುವುದು ಹೆಚ್ಚು ಎಂದು ಇಂಗ್ಲೆಂಡಿನಲ್ಲಿ ನೋಡಿದ್ದಾರೆ, ನಮ್ಮ ಕುವೆಂಪುನಗರದ ಪಾರ್ಕಿನಲ್ಲಿ ನಾನೇ ದಿನಾ ನೋಡುತ್ತೇನೆ. "ಕಚ್ಚುತ್ತಾ?" ಎಂದು ಶುರುವಾಗುವ ಮಾತು ತಿಂಗಳೊಪ್ಪತ್ತಿನಲ್ಲಿ ಮನೆ ಮಠದ ವಿಚಾರಕ್ಕೆ ಬಂದಿರುತ್ತದೆ. ಬೆಲ್ಲನನ್ನು ಒಂಟಿಯಾಗಿರಲು ಅಭ್ಯಾಸ ಮಾಡಿಸಿ, ಮೊದಲು ಹತ್ತು ನಿಮಿಷ, ಆಮೇಲೆ ಅರ್ಧ ಗಂಟೆ, ಹೀಗೆ. ಪಟಾಕಿ ಭಯಕ್ಕೆ ಹಬ್ಬಕ್ಕೆ ಒಂದು ತಿಂಗಳು ಮುಂಚೆಯೇ ಪಶುವೈದ್ಯರನ್ನು ಕಾಣಿ, ಅದಕ್ಕೆ ಔಷಧಿ ಇದೆ. ಈ ನಡುವೆ ನಿದ್ದೆ ಬಾರದೆ, ಯಾರನ್ನು ಕಂಡರೂ ಎದೆ ಹೊಡೆದುಕೊಂಡು, ಹಳೆಯ ಮಾತುಗಳು ಕಿವಿಯಲ್ಲಿ ಕೇಳಿಸುವ ಹಾಗಾದರೆ ಒಬ್ಬರೇ ನುಂಗಿಕೊಳ್ಳಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಎಲ್ಲಕ್ಕಿಂತ ಮೊದಲು ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಎರಡನೇ ಕೀಲಿ ಈಗ ಎಲ್ಲಿದೆ? ಬಹುಶಃ ನಿಮ್ಮದೇ ಬೀರುವಿನಲ್ಲಿದೆ. ನಿಮ್ಮ ಮಹಡಿಯಲ್ಲೋ ಕೆಳಗಿನ ಮಹಡಿಯಲ್ಲೋ ಬೆಲ್ಲನನ್ನು ಕಂಡರೆ ನಿಂತು ಮಾತಾಡಿಸುವ ಒಬ್ಬರು ಇದ್ದೇ ಇರುತ್ತಾರೆ. ಅವರನ್ನು ಒಂದು ಕಾಫಿಗೆ ಕರೆಯಿರಿ. ಬೆಲ್ಲನ ಅನ್ನ ಎಷ್ಟು, ಅವನ ಡಾಕ್ಟರ ನಂಬರು ಯಾವುದು, ಯಾವ ಸದ್ದಿಗೆ ಮಂಚದ ಕೆಳಗೆ ನುಗ್ಗುತ್ತಾನೆ ಎಂದು ಹೇಳಿ ಆ ಕೀಲಿ ಅವರ ಕೈಗೆ ಕೊಡಿ. ಕೊಡುವಾಗ ಕೈ ನಡುಗಬಹುದು, ನಡುಗಲಿ. ಯಾರಿಗೆ ಕೊಟ್ಟಿರಿ ಎಂದು ನನಗೊಂದು ಸಾಲು ಬರೆಯಿರಿ.